ಪಟಕಾ ಕಂಡಿತು, ಮುಖ ಕಾಣಲಿಲ್ಲ: ಬಾಗಲಕೋಟೆಯ ಒಂದು ಸ್ಟುಡಿಯೊ ಕ್ಯಾಮೆರಾ ಪ್ರಕರಣ

ಮುಧೋಳದ ಕಡೆಯ ಕಬ್ಬು ಬೆಳೆಗಾರರೊಬ್ಬರು ಚರ್ಚೆಗೆಂದು ಸ್ಟುಡಿಯೊಗೆ ಬಂದಿದ್ದರು. ಬಿಳಿ ಧೋತರ, ಬಿಳಿ ಅಂಗಿ, ಅದೇ ದಿನ ತಲೆಗೆ ಸುತ್ತಿದ ಬಿಳಿ ಪಟಕಾ. ಐವತ್ತು ವರ್ಷ ಹೊಲದಲ್ಲಿ ಬಿಸಿಲು ಉಂಡ ಮುಖ. ಕಬ್ಬಿನ ಬಾಕಿ ಬಿಲ್ಲಿನ ಬಗ್ಗೆ ಇಪ್ಪತ್ತು ನಿಮಿಷ ಅಂಕಿ ಅಂಶ ಹಿಡಿದು ಮಾತನಾಡಿದರು. ಪ್ರಸಾರವಾದ ರಾತ್ರಿ ಅವರ ಮಗ ವಾಹಿನಿಯ ಕಚೇರಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಅಪ್ಪನ ಪಟಕಾ ಕಾಣಿಸಿತು. ಮುಖ ಎಲ್ಲಿ ಹೋಯಿತು?"

ಬಾಗಲಕೋಟೆಯ ನವನಗರದಲ್ಲಿರುವ ಆ ಸ್ಥಳೀಯ ಕೇಬಲ್ ವಾಹಿನಿಯ ಮಾಲೀಕರು ನನ್ನನ್ನು ಕರೆಸಿದ್ದು ಆ ಫೋನ್ ಬಂದ ವಾರದಲ್ಲಿ. ಅವರು ಆಗಲೇ ಹೊಸ ಕ್ಯಾಮೆರಾ ಕೊಳ್ಳುವ ನಿರ್ಧಾರ ಮಾಡಿದ್ದರು. 60 ಲಕ್ಷ ರೂಪಾಯಿ ತೆಗೆದಿಟ್ಟಿದ್ದರು, ಎರಡು ಕೊಟೇಶನ್‌ಗಳೂ ಮೇಜಿನ ಮೇಲಿದ್ದವು. ಯಾವುದಕ್ಕೆ ಸಹಿ ಹಾಕಬೇಕು ಎನ್ನುವುದಷ್ಟೇ ನನಗೆ ಅವರ ಪ್ರಶ್ನೆ. ಸ್ಟುಡಿಯೊ ಕಟ್ಟುವ, ರಿಪೇರಿ ಮಾಡುವ ಕೆಲಸದಲ್ಲಿ ನಾನು ಹಲವು ವರ್ಷ ಕಳೆದಿದ್ದೇನೆ. ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುತ್ತಿರುವುದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಗಳಲ್ಲಿ ಇಂಥ ಸಣ್ಣ ಸ್ಟುಡಿಯೊಗಳು ಕ್ಯಾಮೆರಾದ ಹೆಸರು ನೋಡಿ ಹಣ ಸುರಿಯುತ್ತವೆ. ಅದರ ಮುಂದೆ ಕೂರುವ ಮನುಷ್ಯ ಯಾರು ಎಂದು ಯಾರೂ ಕೇಳುವುದಿಲ್ಲ.

ಮೊದಲ ದಿನ ಕಂಡದ್ದು

ಕೋಣೆ 32 ಅಡಿ ಉದ್ದ, 24 ಅಡಿ ಅಗಲ. ಚಾವಣಿ 11 ಅಡಿ ಮಾತ್ರ. ಬೇರೆ ಬೇರೆ ವರ್ಷಗಳಲ್ಲಿ ಕೊಂಡ ಮೂರು ಕ್ಯಾಮ್‌ಕಾರ್ಡರ್‌ಗಳಿದ್ದವು. ಮೂರೂ ಆಟೊ ಐರಿಸ್, ಆಟೊ ವೈಟ್ ಬ್ಯಾಲೆನ್ಸ್‌ನಲ್ಲಿ ಓಡುತ್ತಿದ್ದವು, ಅಂದರೆ ಬೆಳಕಿನ ಕಿಂಡಿಯನ್ನೂ ಬಣ್ಣವನ್ನೂ ಕ್ಯಾಮೆರಾಗಳೇ ಹೊಂದಿಸಿಕೊಳ್ಳುತ್ತಿದ್ದವು. ಒಂದರಲ್ಲಿ ನಿರೂಪಕಿಯ ಮುಖ ಹಳದಿ, ಇನ್ನೊಂದರಲ್ಲಿ ಗುಲಾಬಿ, ಮೂರನೆಯದರಲ್ಲಿ ಜ್ವರ ಬಂದವರಂತೆ ನಸು ಹಸಿರು.

ರೈತರ ಆ ಕಾರ್ಯಕ್ರಮವನ್ನು ಚಿತ್ರದ ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್ ಮಾನಿಟರ್‌ಗೆ ಹಾಕಿ ನೋಡಿದೆ. ಪಟಕಾ 95 ಪ್ರತಿಶತದ ಮೇಲೆ ಗೋಡೆಗೆ ಒತ್ತಿದಂತೆ ಚಪ್ಪಟೆಯಾಗಿ ನಿಂತಿತ್ತು. ಮುಖ 30ರ ಆಸುಪಾಸಿನಲ್ಲಿ ಕತ್ತಲೆಯೊಳಗಿತ್ತು. ಆಟೊ ಐರಿಸ್ ಇಡೀ ಚೌಕಟ್ಟಿನ ಬೆಳಕಿನ ಸರಾಸರಿಯನ್ನು ನೋಡುತ್ತದೆ. ಧೋತರ, ಅಂಗಿ, ಪಟಕಾ ಮೂರೂ ಬಿಳಿಯಾದಾಗ ಬೆಳಕು ಹೆಚ್ಚಾಯಿತೆಂದು ತಿಳಿದು ಕಿಂಡಿಯನ್ನು ಮುಚ್ಚುತ್ತದೆ. ಆಗ ಮುಖ ಮುಳುಗುತ್ತದೆ. ನಮ್ಮ ಕಡೆಯ ಹಿರಿಯರ ಉಡುಪೇ ಹೀಗಿರುವಾಗ ಇದನ್ನು ಅಪರೂಪದ ತೊಂದರೆ ಎಂದು ತಳ್ಳಿಹಾಕುವಂತಿರಲಿಲ್ಲ. ವಾರಕ್ಕೆ ಮೂರು ದಿನ ಆಗುತ್ತಿದ್ದ ಅನ್ಯಾಯ ಅದು.

ಇನ್ನೊಂದು ತಪ್ಪು ಚಾವಣಿಯಲ್ಲಿತ್ತು. ಅತಿಥಿಯ ಕುರ್ಚಿಯ ಹಿಂದೆ, ನೆತ್ತಿಯ ನೇರಕ್ಕೆ, ಎರಡು ಬ್ಯಾಕ್ ಲೈಟ್‌ಗಳನ್ನು ಪೂರ್ಣ ಪ್ರಮಾಣದಲ್ಲಿ ಉರಿಸುತ್ತಿದ್ದರು. ಬರಿತಲೆಯವರಿಗೆ ಅದು ಕೂದಲಿನ ಅಂಚಿಗೆ ಸಣ್ಣ ಹೊಳಪು ಕೊಡುತ್ತದೆ. ಪಟಕಾ ಸುತ್ತಿದವರಿಗೆ ಅದು ಬಟ್ಟೆಯ ಮೇಲೆ ಸುಣ್ಣ ಬಳಿದಂತೆ. ಒಂದನ್ನು ಆರಿಸಿದೆ, ಇನ್ನೊಂದನ್ನು ಅರ್ಧಕ್ಕೆ ಇಳಿಸಿದೆ. ಮುಂದಿನ ಮುಖ್ಯ ದೀಪವಾದ ಕೀ ಲೈಟನ್ನು ಕಣ್ಣಿನ ಮಟ್ಟಕ್ಕೆ ಹತ್ತಿರ ತಂದು, ಹಳೆಯ ಕ್ಯಾಮೆರಾದ ಐರಿಸನ್ನೇ ಕೈಯಿಂದ ಒಂದು ಸ್ಟಾಪ್, ಅಂದರೆ ಬೆಳಕು ಎರಡು ಪಟ್ಟಾಗುವಷ್ಟು, ತೆರೆದೆ. ಕಚೇರಿಯ ಕಾವಲುಗಾರ ಕಾಕಾ ತಮ್ಮದೇ ಪಟಕಾ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಅವರ ಕಣ್ಣು, ಹಣೆಯ ಗೆರೆ, ಮೀಸೆಯ ನರೆ ಎಲ್ಲವೂ ಪರದೆಯ ಮೇಲೆ ಬಂದವು.

ಮಾಲೀಕರು ಸುಮ್ಮನೆ ನೋಡಿದರು. ಆಮೇಲೆ, "ಹಾಗಾದರೆ ಹೊಸ ಕ್ಯಾಮೆರಾ ಬೇಡವೇ?" ಎಂದರು.

ಬೇಕು ಎಂದೆ. ಆದರೆ ಅದು ಈ ತೊಂದರೆಯನ್ನು ದಿನವೂ, ಪ್ರತಿ ಅತಿಥಿಗೂ, ಮಾತಿನ ನಡುವೆಯೇ ಸರಿಪಡಿಸಿಕೊಳ್ಳಲು ಬರುವಂಥ ಕ್ಯಾಮೆರಾ ಆಗಿರಬೇಕು. ಕ್ಯಾಮೆರಾ ಹಿಡಿದವರ ಕಣ್ಣು ಚೌಕಟ್ಟಿನ ಮೇಲೆ, ಫೋಕಸ್ ಮೇಲೆ ಇರುತ್ತದೆ. ಐರಿಸ್, ಬಣ್ಣ, ಕಪ್ಪಿನ ಮಟ್ಟ ನೋಡಿಕೊಳ್ಳಲು ನಿಯಂತ್ರಣ ಕೊಠಡಿಯಲ್ಲಿ ಇನ್ನೊಬ್ಬರು ಬೇಕು, ಅವರ ಕೈಗೆ ಮೂರೂ ಕ್ಯಾಮೆರಾಗಳ ಹೊಂದಾಣಿಕೆಯ ಗುಂಡಿಗಳು ಸಿಗಬೇಕು. ಇಡೀ ಆಯ್ಕೆಯನ್ನು ನಾನು ಈ ಒಂದು ಬೇಡಿಕೆಯ ಸುತ್ತಲೇ ಕಟ್ಟಿದೆ.

ಪರೀಕ್ಷೆಗೆ ಖಣ ಮತ್ತು ಸೀರೆ

ಮೊದಲ ಕೊಟೇಶನ್‌ನಲ್ಲಿ ದೊಡ್ಡ ಸೆನ್ಸರಿನ ಮೂರು ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾಗಳಿದ್ದವು. ಎರಡನೆಯದರಲ್ಲಿ ದೂರದಿಂದಲೇ ತಿರುಗಿಸಬಹುದಾದ ನಾಲ್ಕು ಪಿಟಿಝಡ್ ಕ್ಯಾಮೆರಾಗಳು. ಇವೆರಡರ ಜೊತೆಗೆ ಹೋಲಿಕೆಗಾಗಿ, 2/3 ಇಂಚಿನ ಮೂರು ಸೆನ್ಸರ್‌ಗಳ ಒಂದು ಸ್ಟುಡಿಯೊ ಕ್ಯಾಮೆರಾ ಸರಪಳಿಯನ್ನು ನಾನು ಬಾಡಿಗೆಗೆ ತರಿಸಿದೆ. ಸರಪಳಿ ಎಂದರೆ ಕ್ಯಾಮೆರಾ ತಲೆ, ಲೆನ್ಸ್, ಹೈಬ್ರಿಡ್ ಫೈಬರ್ ಕೇಬಲ್, ಕ್ಯಾಮೆರಾ ನಿಯಂತ್ರಣ ಘಟಕವಾದ ಸಿಸಿಯು, ಮತ್ತು ಕ್ಯಾಮೆರಾವನ್ನು ದೂರದಿಂದ ಹೊಂದಿಸುವ, ಐರಿಸ್ ಕಡ್ಡಿ ಇರುವ ಆರ್‌ಸಿಪಿ ಫಲಕ. ಇಂಥವನ್ನು ಸೋನಿ, ಪ್ಯಾನಾಸೋನಿಕ್, ಇಕೆಗಾಮಿ, ಹಿಟಾಚಿ, ಗ್ರಾಸ್ ವ್ಯಾಲಿ ಕಂಪನಿಗಳು ಮಾಡುತ್ತ ಬಂದಿವೆ. ಯಾವುದನ್ನು ಕೊಂಡೆವು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಊರಿಗೆ ಯಾರ ಸೇವೆ ಸಿಗುತ್ತದೋ ಅದರ ಮೇಲೆ ಆ ಉತ್ತರ ಬದಲಾಗುತ್ತದೆ.

ಒಂದು ವಾರದ ಅತಿಥಿಗಳ ಪಟ್ಟಿ ಕೊಡಿ ಎಂದು ಕೇಳಿದ್ದೆ. ರೈತರು, ಇಳಕಲ್ ಸೀರೆ ಉಟ್ಟ ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಶ್ರೀಕೃಷ್ಣ ಪಾರಿಜಾತದ ಮೇಳ, ವೈದ್ಯರು, ಶಾಲೆಯ ಮಕ್ಕಳು. ಅದೇ ನಮ್ಮ ಪರೀಕ್ಷೆಯ ಪತ್ರಿಕೆಯಾಯಿತು. ಹನ್ನೊಂದು ಮೆಟ್ಟಿಲಿನ ಬೂದು ಚಾರ್ಟ್ ಇತ್ತು ನಿಜ. ಅದರ ಪಕ್ಕದಲ್ಲಿ ಟೋಪ ತೆನೆಯ ಕೆಂಪು ಸೆರಗಿನ ಇಳಕಲ್ ಸೀರೆಯೊಂದನ್ನೂ ಗುಳೇದಗುಡ್ಡದ ಖಣವೊಂದನ್ನೂ ಹರವಿದೆವು.

ಗುಳೇದಗುಡ್ಡದ ಖಣವನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು. ಸಣ್ಣ ಸಣ್ಣ ಬುಟ್ಟಾಗಳು ಸಾಲು ಹಿಡಿದು ನೇಯ್ದಿರುತ್ತವೆ, ಬಟ್ಟೆ ವಾಲಿಸಿದಂತೆ ಬಣ್ಣ ಹೊರಳುತ್ತದೆ. ಕ್ಯಾಮೆರಾದ ಸೆನ್ಸರ್‌ಗೆ ಇದಕ್ಕಿಂತ ಕಠಿಣ ಪರೀಕ್ಷೆ ಅಂಗಡಿಯಲ್ಲಿ ಸಿಗುವುದಿಲ್ಲ. ನೇಯ್ಗೆಯ ಸಾಲುಗಳ ಅಂತರ ಸೆನ್ಸರಿನ ಚುಕ್ಕೆಗಳ ಅಂತರಕ್ಕೆ ಸಮೀಪ ಬಂದಾಗ, ಇಲ್ಲದ ಅಲೆಗಳು ಬಟ್ಟೆಯ ಮೇಲೆ ತೇಲುತ್ತವೆ. ಇದನ್ನು ಮೋಯ್ರೆ ಎನ್ನುತ್ತಾರೆ. ಒಂದೇ ಸೆನ್ಸರ್ ಇರುವ ಕ್ಯಾಮೆರಾಗಳಲ್ಲಿ ಪ್ರತಿ ಚುಕ್ಕೆಯೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ, ಉಳಿದೆರಡನ್ನು ನೆರೆಯ ಚುಕ್ಕೆಗಳಿಂದ ಊಹಿಸಲಾಗುತ್ತದೆ. ಹಾಗಾಗಿ ಅಲೆಗಳಿಗೆ ಸುಳ್ಳು ಬಣ್ಣವೂ ಸೇರಿಕೊಳ್ಳುತ್ತದೆ. ಮೂರು ಸೆನ್ಸರ್‌ಗಳ ಕ್ಯಾಮೆರಾದಲ್ಲಿ ಪ್ರಿಸಂ ಬೆಳಕನ್ನು ಮೂರಾಗಿ ಸೀಳಿ ಕಳಿಸುತ್ತದೆ. ಪ್ರತಿ ಬಿಂದುವಿನಲ್ಲೂ ಮೂರು ಬಣ್ಣಗಳನ್ನೂ ನಿಜವಾಗಿ ಅಳೆಯುತ್ತಾರೆ.

ಪರೀಕ್ಷೆಯಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಂಡಿತು. ನಾವು ತರಿಸಿದ್ದ ಮಿರರ್‌ಲೆಸ್ ಮಾದರಿಯಲ್ಲಿ ಖಣದ ಮೇಲೆ ಹಸಿರು, ನೇರಳೆ ಪಟ್ಟಿಗಳು ಹರಿದಾಡಿದವು. ಪಿಟಿಝಡ್‌ನಲ್ಲಿ ಬುಟ್ಟಾ ಕರಗಿ ಖಣ ಬರಿ ಬಣ್ಣದ ಬಟ್ಟೆಯಾಯಿತು. ಮೂರು ಸೆನ್ಸರ್‌ಗಳದ್ದರಲ್ಲಿ ಬುಟ್ಟಾ ಬುಟ್ಟಾ ಆಗಿಯೇ ಉಳಿಯಿತು. ಜೂಮ್‌ನ ಒಂದು ಹಂತದಲ್ಲಿ ಮಾತ್ರ ತೆಳುವಾದ ಕಪ್ಪು ಬಿಳುಪಿನ ಅಲೆ ಕಂಡು ಮಾಯವಾಯಿತು.

ಮಿರರ್‌ಲೆಸ್ ಬಗ್ಗೆ ನ್ಯಾಯವಾಗಿ ಹೇಳಬೇಕು. ಒಬ್ಬರೇ ಕೂತಾಗ ಅದರ ಚಿತ್ರ ಬಹಳ ಚೆಲುವಾಗಿತ್ತು, ಮಾಲೀಕರ ಮಗನಿಗೆ ಅದೇ ಬೇಕಿತ್ತು. ನಾಲ್ವರನ್ನು ಮೇಜಿನ ಸುತ್ತ ಕೂರಿಸಿದಾಗ ತೊಡಕು ಶುರುವಾಯಿತು. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, 2/3 ಇಂಚಿನದು 9.6 ಮಿ.ಮೀ. ಅಂದರೆ 3.75 ಪಟ್ಟು ವ್ಯತ್ಯಾಸ. ಐರಿಸ್ ಕಿಂಡಿಯ ಅಳತೆ ಎಫ್ ಅಂಕಿ, ಅದು ಹೆಚ್ಚಾದಷ್ಟೂ ಕಿಂಡಿ ಸಣ್ಣದು. ಸಣ್ಣ ಸೆನ್ಸರಿನಲ್ಲಿ ಎಫ್ 4ಕ್ಕೆ ಸಿಗುವ ಫೋಕಸಿನ ಆಳ ದೊಡ್ಡದರಲ್ಲಿ ಸಿಗಬೇಕಾದರೆ ಎಫ್ 15ರ ತನಕ ಮುಚ್ಚಬೇಕು. ಅಷ್ಟು ಮುಚ್ಚಿದರೆ ಬೆಳಕು ಸಾಲದು, ಸಂಕೇತವನ್ನು ವರ್ಧಿಸುವ ಗೇನ್ ಏರಿಸಬೇಕು, ಚಿತ್ರದಲ್ಲಿ ಮರಳು ಏಳುತ್ತದೆ. ಮುಚ್ಚದಿದ್ದರೆ ಮಾತನಾಡುತ್ತ ಮುಂದೆ ಬಾಗಿದವರ ಮುಖ ಮಸುಕಾಗುತ್ತದೆ. ನಮ್ಮ ಜನ ಮಾತಿನ ಭರದಲ್ಲಿ ಬಾಗುತ್ತಾರೆ, ಕೈ ಎತ್ತುತ್ತಾರೆ, ಪಕ್ಕದವರ ಭುಜ ಮುಟ್ಟುತ್ತಾರೆ. ಕ್ಯಾಮೆರಾಕ್ಕಾಗಿ ಅಲುಗಾಡದೆ ಕೂರಿ ಎಂದು ಅವರಿಗೆ ಹೇಳುವುದು ನನ್ನಿಂದ ಆಗದು.

ಅದರ ಎಚ್‌ಡಿಎಂಐ ತಂತಿಯೂ ಒಂದು ಕಾರಣ. ಆ ಕನೆಕ್ಟರ್‌ಗೆ ಕಚ್ಚಿ ಹಿಡಿಯುವ ಬೀಗವಿಲ್ಲ, ಕಾಲು ತಾಗಿದರೆ ಕಳಚುತ್ತದೆ, ದೂರ ಓಡಿಸಿದರೆ ಚಿತ್ರ ಮಿಣುಕುತ್ತದೆ.

ಲೆನ್ಸಿನ ಲೆಕ್ಕ ಸರಳ. ಕ್ಯಾಮೆರಾ ನಿಲ್ಲುವ ಜಾಗದಿಂದ ಮೇಜಿಗೆ 6 ಮೀಟರ್. 8.2ರಿಂದ 164 ಮಿ.ಮೀ. ತನಕದ 20 ಪಟ್ಟಿನ ಜೂಮ್ ಇದ್ದರೆ, ಅಗಲದ ತುದಿಯಲ್ಲಿ ಸುಮಾರು 7 ಮೀಟರ್ ಅಗಲದ ನೋಟ ಸಿಗುತ್ತದೆ, ಇಡೀ ಸೆಟ್ ಬರುತ್ತದೆ. 1.2 ಮೀಟರ್ ಅಗಲದ ಎದೆಮಟ್ಟದ ಚೌಕಟ್ಟಿಗೆ 48 ಮಿ.ಮೀ. ಸಾಕು. ಕೊಟೇಶನ್ ಕೊಟ್ಟವರು ಹೇಳಿದ ದೊಡ್ಡ ಪೆಟ್ಟಿಗೆ ಲೆನ್ಸ್ ಈ ಕೋಣೆಗೆ ದಂಡ.

ಈ ಲೆಕ್ಕ ಹಣ ಉಳಿಸಿತು. 2/3 ಇಂಚಿನ ಕ್ಯಾಮೆರಾಗಳಲ್ಲಿ ಲೆನ್ಸ್ ಕೂರುವ ಬಿ4 ಮೌಂಟ್ ದಶಕಗಳಿಂದ ಒಂದೇ ಆಗಿರುವುದರಿಂದ, ಇನ್ನೊಬ್ಬರು ಬಳಸಿದ ಒಳ್ಳೆಯ ಎಚ್‌ಡಿ ಲೆನ್ಸ್ ಹೊಸ ಕ್ಯಾಮೆರಾದ ಮೇಲೆ ಹಾಗೆಯೇ ಕೂರುತ್ತದೆ. ಐದು ಲಕ್ಷಕ್ಕೆ ಅಂಥ ಎರಡು ಲೆನ್ಸ್ ಸಿಕ್ಕವು. ಕೊಳ್ಳುವ ಮುನ್ನ ಟಾರ್ಚ್ ಹಿಡಿದು ಒಳಗಿನ ಗಾಜಿನಲ್ಲಿ ಬೂಷ್ಟು ಕಟ್ಟಿದೆಯೇ ನೋಡಿದೆ, ಜೂಮ್ ಉಂಗುರ ಎಲ್ಲಿಯೂ ತಡವರಿಸದೆ ತಿರುಗುತ್ತದೆಯೇ ನೋಡಿದೆ. ಮೂರನೆಯ ಲೆನ್ಸೊಂದನ್ನು ಬೂಷ್ಟಿನ ಕಾರಣಕ್ಕೇ ಬಿಟ್ಟೆವು.

ಆದರೂ ಮೂರು ಪೂರ್ತಿ ಸರಪಳಿಗಳಿಗೆ 60 ಲಕ್ಷ ಸಾಲುತ್ತಿರಲಿಲ್ಲ. ಲೆನ್ಸ್ ಬಿಟ್ಟು ಎರಡಕ್ಕೇ 38 ಲಕ್ಷ. ಬೆಳಕಿಗೆ 6 ಲಕ್ಷ ಬೇಕೇ ಬೇಕು ಎಂದು ನಾನು ಹಟ ಹಿಡಿದೆ. ವಿದ್ಯುತ್ತು, ಅರ್ಥಿಂಗ್, ಕೇಬಲ್‌ಗೆ 4. ಟ್ರೈಪಾಡ್, ನಿರೂಪಕರು ನೋಡಿ ಓದುವ ಪ್ರಾಂಪ್ಟರ್, ಸಿಬ್ಬಂದಿ ಮಾತನಾಡಿಕೊಳ್ಳುವ ಟಾಕ್‌ಬ್ಯಾಕ್‌ಗೆ 4. ಉಳಿದ 3 ಲಕ್ಷಕ್ಕೆ, ಅಗಲದ ಸ್ಥಿರ ಚಿತ್ರಕ್ಕಾಗಿ, ಅದೇ ತಯಾರಕರ ಒಂದು ಪಿಟಿಝಡ್ ತಂದೆವು. ಮುಖಗಳನ್ನು ಎರಡು ಒಳ್ಳೆಯ ಕ್ಯಾಮೆರಾಗಳು ನೋಡಿಕೊಳ್ಳಲಿ, ಕೋಣೆಯನ್ನು ಮೂರನೆಯದು ನೋಡಿಕೊಳ್ಳಲಿ ಎನ್ನುವ ಲೆಕ್ಕ. ಮೂರೂ ಸಾಧಾರಣವಾಗಿರುವುದಕ್ಕಿಂತ ಇದು ಮೇಲು ಎಂದು ಇಂದಿಗೂ ನಂಬುತ್ತೇನೆ. ಮೂರನೆಯದು ಕೊಟ್ಟ ಕಾಟವನ್ನು ಮುಂದೆ ಹೇಳುತ್ತೇನೆ.

ಬೆಳಕು, ನೆಲ, ತಂತಿ

ಹಳೆಯ ಎಲ್‌ಇಡಿ ಫಲಕಗಳಡಿ ಇಳಕಲ್ ಸೀರೆಯ ಸೆರಗು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಅಗ್ಗದ ಎಲ್‌ಇಡಿಗಳ ಬೆಳಕಿನಲ್ಲಿ ಗಾಢ ಕೆಂಪಿನ ಭಾಗವೇ ಕಡಿಮೆ. ಬೆಳಕಿನಲ್ಲಿ ಇಲ್ಲದ ಬಣ್ಣವನ್ನು ಯಾವ ಕ್ಯಾಮೆರಾವೂ ಹುಟ್ಟಿಸಲಾರದು. ಮನುಷ್ಯರ ಚರ್ಮದಲ್ಲಿ ಜೀವ ಕಾಣುವುದೂ ಆ ಕೆಂಪಿನಿಂದಲೇ. ದೀಪದ ಡಬ್ಬಿಯ ಮೇಲೆ ಸಿಆರ್‌ಐ ಅಂಕಿ ಇರುತ್ತದೆ, ಆದರೆ ಅದು ಮನುಷ್ಯನ ಕಣ್ಣಿಗೆ ಮಾಡಿದ ಅಳತೆ. ಟಿವಿ ಕ್ಯಾಮೆರಾ ಹೇಗೆ ನೋಡುತ್ತದೆ ಎಂದು ಅಳೆಯಲು ಟಿಎಲ್‌ಸಿಐ ಎಂಬ ಬೇರೆ ಸೂಚ್ಯಂಕವಿದೆ. 90ಕ್ಕಿಂತ ಮೇಲಿರುವ ಫಲಕಗಳನ್ನೇ ಆರಿಸಿದೆವು.

ಎಷ್ಟು ಬೆಳಕು? ನಮ್ಮ ಕ್ಯಾಮೆರಾದ ವಿವರಪಟ್ಟಿಯಲ್ಲಿ 2000 ಲಕ್ಸ್‌ಗೆ ಎಫ್ 12 ಎಂದಿತ್ತು. ಬೆಳಕು ನಾಲ್ಕನೆಯ ಒಂದು ಭಾಗವಾದರೆ ಎಫ್ ಅಂಕಿ ಅರ್ಧವಾಗುತ್ತದೆ, ಅಂದರೆ 500 ಲಕ್ಸ್‌ಗೆ ಎಫ್ 6. ಪ್ರಾಂಪ್ಟರಿನ ಗಾಜು 70 ಪ್ರತಿಶತ ಬೆಳಕನ್ನಷ್ಟೇ ಒಳಗೆ ಬಿಡುತ್ತದೆ, ಆಗ ಎಫ್ 5ರ ಹತ್ತಿರ ಬರುತ್ತೇವೆ. ಮುಖದ ಮೇಲೆ 500 ಲಕ್ಸ್ ಸಾಕೆಂದು ನಿರ್ಧರಿಸಿದ್ದು ಹೀಗೆ. ಹಳೆಯ ವ್ಯವಸ್ಥೆಯಲ್ಲಿ 1100 ಇತ್ತು, ಅತಿಥಿಗಳು ಬೆವರು ಒರೆಸಿಕೊಳ್ಳುತ್ತ ಮಾತನಾಡುತ್ತಿದ್ದರು.

ವಿದ್ಯುತ್ತಿನ ಕೆಲಸಕ್ಕೆ ಯಾರೂ ಮನಸ್ಸು ಕೊಡುವುದಿಲ್ಲ. ಕಟ್ಟಡ ನಿಂತ ಜಾಗ ಎರೆಮಣ್ಣು. ಮಳೆಗಾಲದಲ್ಲಿ ಅಂಟಿಕೊಳ್ಳುವ ಆ ಮಣ್ಣು ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಅರ್ಥಿಂಗ್ ಸಲಾಕೆಗೂ ಮಣ್ಣಿಗೂ ನಡುವೆ ಬಿರುಕು ಬೀಳುತ್ತದೆ. ಮೇ ತಿಂಗಳಲ್ಲಿ ಅಳೆದಾಗ ಅರ್ಥಿಂಗ್‌ನ ಪ್ರತಿರೋಧ 11 ಓಮ್ ಬಂತು. ಎರಡು ಹೊಸ ಗುಂಡಿ ತೋಡಿ, ತೇವ ಹಿಡಿದಿಡುವ ಪುಡಿ ತುಂಬಿಸಿ, ನೀರು ಹಾಕಲು ಕೊಳವೆ ಇಡಿಸಿದ ಮೇಲೆ 2 ಓಮ್‌ಗೆ ಇಳಿಯಿತು. ವಾರಕ್ಕೊಮ್ಮೆ ಆ ಕೊಳವೆಗೆ ಎರಡು ಕೊಡ ನೀರು ಹಾಕುವ ಕೆಲಸವನ್ನು ಕಾವಲುಗಾರ ಕಾಕಾ ವಹಿಸಿಕೊಂಡರು. ಇದಾದ ಮೇಲೆಯೇ ಆನ್‌ಲೈನ್ ಯುಪಿಎಸ್ ಕೂರಿಸಿದ್ದು.

ಕೇಬಲ್ ವಿಷಯದಲ್ಲಿ ಮಾಲೀಕರಿಗೂ ನನಗೂ ಅಭಿಪ್ರಾಯ ಭೇದ ಬಂತು. ಅವರದು ಕೇಬಲ್ ಜಾಲ, ಗೋದಾಮಿನಲ್ಲಿ ಕೇಬಲ್ ಟಿವಿಯ ಆರ್‌ಜಿ6 ತಂತಿಯ ಸುರುಳಿಗಳು ರಾಶಿ ಬಿದ್ದಿದ್ದವು. ಸಿಸಿಯುನಿಂದ, ಕ್ಯಾಮೆರಾಗಳ ಚಿತ್ರ ಬದಲಿಸುವ ಸ್ವಿಚರ್‌ಗೆ ಅದನ್ನೇ ಎಳೆಯೋಣ, ಅದೂ 75 ಓಮ್ ತಾನೆ ಎಂದರು. ಓಮ್ ಸರಿ, ಒಳಗಿನ ತಂತಿ ಬೇರೆ. ಮನೆಗಳಿಗೆ ಎಳೆಯುವ ಅಗ್ಗದ ಆರ್‌ಜಿ6ರಲ್ಲಿ ಬಹುಪಾಲು ತಾಮ್ರ ಲೇಪಿಸಿದ ಉಕ್ಕು ಇರುತ್ತದೆ. ಎತ್ತರದ ಆವರ್ತನದ ಸಂಕೇತ ತಂತಿಯ ಮೇಲ್ಮೈಯಲ್ಲೇ ಹರಿಯುವುದರಿಂದ ಕೇಬಲ್ ಟಿವಿಗೆ ಅದು ನಡೆಯುತ್ತದೆ. ಸ್ಟುಡಿಯೊದೊಳಗೆ ಚಿತ್ರ ಒಯ್ಯುವ ಎಸ್‌ಡಿಐ ಸಂಕೇತದಲ್ಲಿ ಕೆಳಗಿನ ಆವರ್ತನಗಳೂ ಇರುತ್ತವೆ, ಅವು ಉಕ್ಕಿನೊಳಗೆ ಸೊರಗುತ್ತವೆ. 1080ಪಿ 50ರಲ್ಲಿ ಒಂದು ತಂತಿಯ ಮೇಲೆ ಸೆಕೆಂಡಿಗೆ 2.97 ಗಿಗಾಬಿಟ್ ಓಡುತ್ತದೆ. ಗಟ್ಟಿ ತಾಮ್ರದ ವಿಡಿಯೊ ಕೇಬಲ್‌ನ ಎರಡು ಸುರುಳಿ ತರಿಸಿದ ಮೇಲೆ ಆ ಮಾತು ಮುಗಿಯಿತು.

ಹೈಬ್ರಿಡ್ ಫೈಬರ್ ವಿಷಯದಲ್ಲಿ ಮಾತ್ರ ಅವರ ಕೇಬಲ್ ಜಾಲವೇ ನಮ್ಮ ಭಾಗ್ಯವಾಯಿತು. ಆ ಒಂದೇ ಕೇಬಲ್‌ನಲ್ಲಿ ಎರಡು ಫೈಬರ್ ಎಳೆಗಳೂ ವಿದ್ಯುತ್ತಿನ ತಾಮ್ರದ ತಂತಿಗಳೂ ಇರುತ್ತವೆ. ಚಿತ್ರ, ಮಾತು, ಯಾವ ಕ್ಯಾಮೆರಾ ಪ್ರಸಾರದಲ್ಲಿದೆ ಎಂದು ತೋರಿಸುವ ಟ್ಯಾಲಿ, ಕ್ಯಾಮೆರಾದ ವಿದ್ಯುತ್ತು ಎಲ್ಲವೂ ಅದರಲ್ಲೇ ಹೋಗಿ ಬರುತ್ತವೆ. ಫೈಬರಿನ ನಡುವಿನ ದಾರಿ 9 ಮೈಕ್ರಾನ್, ಕೂದಲಿಗಿಂತ ಎಷ್ಟೋ ತೆಳು. ತುದಿಗೆ ಕುಳಿತ ಒಂದು ಕಣ ಧೂಳು ಚಿತ್ರವನ್ನೇ ನುಂಗುತ್ತದೆ. ಮನೆ ಮನೆಗೆ ಇಂಟರ್‌ನೆಟ್ ಫೈಬರ್ ಜೋಡಿಸುವ ಹುಡುಗರಿಗೆ ಇದನ್ನು ನಾನು ಕಲಿಸಬೇಕಾಗಲಿಲ್ಲ. ಕನೆಕ್ಟರ್ ಬಿಚ್ಚಿದ ಕೂಡಲೇ ಮುಚ್ಚಳ ಹಾಕುವುದು, ಸೇರಿಸುವ ಮುನ್ನ ತುದಿ ಒರೆಸುವುದು ಅವರ ಬೆರಳುಗಳಿಗೆ ಅಭ್ಯಾಸವಾಗಿತ್ತು. 30 ಮೀಟರಿನ ಮೂರು ಸಿದ್ಧ ಕೇಬಲ್ ಕೊಂಡೆವು. ಎರಡು ಬಳಕೆಗೆ, ಒಂದು ಕಪಾಟಿನಲ್ಲಿ.

ಹೊಂದಿಸಿದ ಎರಡು ದಿನ

ಕ್ಯಾಮೆರಾಗಳನ್ನು ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಕಪ್ಪಿನ ಮಟ್ಟ ಸರಿಪಡಿಸುವ ಬ್ಲ್ಯಾಕ್ ಬ್ಯಾಲೆನ್ಸ್ ಮಾಡಿ, ಬ್ಯಾಕ್ ಫೋಕಸ್‌ಗೆ ಕೈ ಹಾಕಿದೆವು. ನಕ್ಷತ್ರದಂಥ ಚಾರ್ಟನ್ನು ಮೂರು ಮೀಟರ್ ದೂರದಲ್ಲಿ ನಿಲ್ಲಿಸಿ, ದೀಪ ತಗ್ಗಿಸಿ, ಐರಿಸ್ ಪೂರ್ತಿ ತೆರೆಯಬೇಕು. ಜೂಮ್ ಮುಂದೆ ಹೋಗಿ ಮುಂದಿನ ಉಂಗುರದಿಂದ ಫೋಕಸ್ ಮಾಡಬೇಕು. ಜೂಮ್ ಹಿಂದೆ ಬಂದು ಹಿಂದಿನ ಸಣ್ಣ ಉಂಗುರದಿಂದ ಮತ್ತೆ ಸರಿಮಾಡಬೇಕು. ಎರಡೂ ತುದಿಯಲ್ಲಿ ಚೂಪಾಗುವ ತನಕ ಇದನ್ನೇ ಮತ್ತೆ ಮತ್ತೆ ಮಾಡಬೇಕು. ಇದನ್ನು ಬಿಟ್ಟವರ ಸ್ಟುಡಿಯೊದಲ್ಲಿ, ಜೂಮ್ ಹಿಂದಕ್ಕೆ ಬಂದಾಗಲೆಲ್ಲ ಚಿತ್ರ ಮಸುಕಾಗುತ್ತದೆ, ಲೆನ್ಸ್ ಕೆಟ್ಟಿದೆ ಎಂದು ಬೈಯುತ್ತಾರೆ.

ಸಿಸಿಯು ಕುರ್ಚಿಗೆ ಯಾರು ಎನ್ನುವ ಪ್ರಶ್ನೆ ಬಂದಾಗ, ಸಂಕಲನ ವಿಭಾಗದಲ್ಲಿದ್ದ ಒಬ್ಬ ಹುಡುಗಿಯನ್ನು ನಾನೇ ಕೇಳಿ ಪಡೆದೆ. ಗುಳೇದಗುಡ್ಡದ ನೇಕಾರರ ಮನೆಯವಳು. ಪರೀಕ್ಷೆಯ ದಿನ, ಮಾನಿಟರ್ ಸರಿಯಿದೆ ಎಂದು ನಾವೆಲ್ಲ ಒಪ್ಪಿದ್ದಾಗ ಅವಳು ಹಿಂದೆ ನಿಂತು, "ಸರ್, ಖಣದ ಕೆಂಪು ಇದಲ್ಲ. ಇದರಲ್ಲಿ ಹಳದಿ ಸೇರಿದೆ" ಎಂದಿದ್ದಳು. ಬಣ್ಣ ಅಳೆಯುವ ವೆಕ್ಟರ್‌ಸ್ಕೋಪ್ ನೋಡಿದರೆ ಅವಳ ಮಾತು ನಿಜವಿತ್ತು.

ಒಂದನೆಯ ಕ್ಯಾಮೆರಾವನ್ನು ಚಾರ್ಟಿಗೆ ಹೊಂದಿಸಿದೆವು. ಎರಡನೆಯದನ್ನು ಅದರ ಪಕ್ಕಕ್ಕೆ ಒಂದೇ ಪರದೆಯಲ್ಲಿ ತಂದು, ಅರ್ಧ ಅದು ಅರ್ಧ ಇದು ಮಾಡಿ, ನಡುವಿನ ಗೆರೆ ಮಾಯವಾಗುವ ತನಕ ತಿದ್ದಿದೆವು. ಆಮೇಲೆ ಚಾರ್ಟ್ ತೆಗೆದಿಟ್ಟು ಮನುಷ್ಯರನ್ನು ಕೂರಿಸಿದೆವು.

ಕಾಕಾ ಮತ್ತೆ ಪಟಕಾ ಸುತ್ತಿಕೊಂಡು ಬಂದರು. ಹುಡುಗಿ ಆರ್‌ಸಿಪಿಯ ಕಡ್ಡಿಯನ್ನು ನಿಧಾನವಾಗಿ ಮುಂದೂಡಿದಳು. ವೇವ್‌ಫಾರ್ಮ್‌ನಲ್ಲಿ ಮುಖದ ಮೋಡ 30ರಿಂದ 40ಕ್ಕೆ, 50ಕ್ಕೆ ಏರಿತು. ಪಟಕಾ ನೂರನ್ನು ದಾಟಿ ನುಗ್ಗುತ್ತಿತ್ತು. ಅಲ್ಲಿ 'ನೀ' (knee) ಎಂಬ ಹೊಂದಾಣಿಕೆ ಕೆಲಸಕ್ಕೆ ಬಂತು. ಒಂದು ಮಟ್ಟದ ಮೇಲಿನ ಬೆಳಕನ್ನು ಅದು ಕತ್ತರಿಸಿ ಎಸೆಯುವುದಿಲ್ಲ, ಮಡಿಸಿ ಒಳಗಿಡುತ್ತದೆ. ಆ ಮಟ್ಟವನ್ನು 88ಕ್ಕೆ ಇಟ್ಟು ಇಳಿಜಾರನ್ನು ಮೆಲ್ಲಗೆ ತಗ್ಗಿಸಿದಾಗ, ಪಟಕಾದ ಒಂದೊಂದೇ ಸುತ್ತು, ಸುತ್ತಿನ ನಡುವಿನ ನೆರಳು, ಬಟ್ಟೆಯ ಅಂಚಿನ ನೂಲು ಎದ್ದು ಬಂದವು. ಮುಖ ಅದೇ ಬಣ್ಣದಲ್ಲಿ, ಅದೇ ಬಿಸಿಲಿನ ಗುರುತಿನೊಂದಿಗೆ ಕೆಳಗಿತ್ತು.

ಆಗ ತಂತ್ರಜ್ಞರೊಬ್ಬರು ಮುಖವನ್ನು 70ಕ್ಕೆ ಏರಿಸೋಣ, ಪುಸ್ತಕದಲ್ಲಿ ಹಾಗಿದೆ ಎಂದರು. ನಾನು ಒಪ್ಪಲಿಲ್ಲ. 70 ಎನ್ನುವುದು ತಿಳಿಬಣ್ಣದ ಚರ್ಮಕ್ಕೆ ಹೇಳಿದ ಮಾತು. ಕಪ್ಪು ಮೈಯವರನ್ನು ಅಲ್ಲಿಗೆ ಎಳೆದರೆ ಮುಖ ಬೂದಿಯಾಗುತ್ತದೆ. ಕಪ್ಪು ಮುಖ ಕಪ್ಪಾಗಿಯೇ, ಸ್ಪಷ್ಟವಾಗಿ ಕಾಣಬೇಕು. ನಿರೂಪಕಿಗೆ 65, ಕಾಕಾಗೆ 50. ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಕೂತಾಗ ಇಬ್ಬರೂ ತಾವಾಗಿಯೇ ಕಾಣಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳುವುದಾದರೆ ಈ ಖರ್ಚಿಗೆ ಅರ್ಥವೇ ಇರಲಿಲ್ಲ.

ಕಾರ್ಖಾನೆಯಿಂದ ಬಂದ ಡೀಟೇಲ್ ಮಟ್ಟವನ್ನೂ ಇಳಿಸಿದೆವು. ಅದು ಅಂಚುಗಳಿಗೆ ಕೃತಕ ಗೆರೆ ಎಳೆದು ಚಿತ್ರವನ್ನು ಚೂಪಾಗಿಸುತ್ತದೆ. ಖಣದ ಬುಟ್ಟಾಗಳಿಗೂ ಗೆರೆ ಎಳೆದು ಅವನ್ನು ಕುಣಿಸುತ್ತಿತ್ತು, ವಯಸ್ಸಾದವರ ಸುಕ್ಕನ್ನು ಕೊರೆದಂತೆ ಮಾಡುತ್ತಿತ್ತು.

ಬಂದ ತೊಡಕುಗಳು

ಮೊದಲ ತಾಲೀಮಿನಲ್ಲೇ ಹಿನ್ನೆಲೆಯ ದೊಡ್ಡ ಟಿವಿಯಲ್ಲಿ ಕಪ್ಪು ಪಟ್ಟಿಯೊಂದು ಮೇಲಿನಿಂದ ಕೆಳಗೆ ತೆವಳಿತು. ಕ್ಯಾಮೆರಾ ದೋಷವೆಂದು ಎಲ್ಲರೂ ಗಾಬರಿಯಾದರು. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್, ನಮ್ಮ ಪ್ರಸಾರವೂ 25 ಮತ್ತು 50ರ ಲೆಕ್ಕದಲ್ಲಿ ನಡೆಯುತ್ತದೆ. ಗ್ರಾಫಿಕ್ಸ್ ಕಂಪ್ಯೂಟರ್ ಮಾತ್ರ ಆ ಟಿವಿಗೆ 60ರಲ್ಲಿ ಚಿತ್ರ ಕಳಿಸುತ್ತಿತ್ತು. ಸೆಟ್ಟಿಂಗ್‌ನಲ್ಲಿ 50 ಮಾಡಿದೆವು, ಪಟ್ಟಿ ನಿಂತಿತು.

ತುಟಿಗೂ ಮಾತಿಗೂ ತಾಳ ತಪ್ಪಿದ್ದು ಇನ್ನೊಂದು. ಎರಡು ಮುಖ್ಯ ಕ್ಯಾಮೆರಾಗಳಿಗೆ ಜೆನ್‌ಲಾಕ್ ಸಂಕೇತ ಕೊಟ್ಟು ಹೆಜ್ಜೆ ಕೂಡಿಸಿದ್ದೆವು. ಪಿಟಿಝಡ್‌ಗೆ ಆ ಸೌಲಭ್ಯವಿರಲಿಲ್ಲ. ಸ್ವಿಚರ್ ಅದನ್ನು ತನ್ನ ಫ್ರೇಮ್ ಸಿಂಕ್‌ನಲ್ಲಿ ತಡೆದು ಸರದಿಗೆ ಬಿಡುತ್ತಿತ್ತು, ಪಿಟಿಝಡ್ ಒಳಗಿನ ಸಂಸ್ಕರಣೆಯೂ ಸೇರಿ ಚಿತ್ರ ತಡವಾಗುತ್ತಿತ್ತು. ಧ್ವನಿಯನ್ನು ಮೂರು ಕ್ಯಾಮೆರಾಗಳ ನಡುವಿನ ಅಂದಾಜಿಗೆ 40 ಮಿಲಿಸೆಕೆಂಡ್ ತಡಮಾಡಿದೆವು. ಉಳಿದ ಸಣ್ಣ ವ್ಯತ್ಯಾಸ ಮುಖದ ಚಿತ್ರಗಳಲ್ಲಿ ಗೊತ್ತಾಗುವುದಿಲ್ಲ.

ಪಾರಿಜಾತದ ಮೇಳ ಬಂದ ದಿನ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆಯಿತು. ಕೃಷ್ಣನ ಕಿರೀಟದ ಬೇಗಡೆ, ಕೊರವಂಜಿಯ ಕೆಂಪು ಸೆರಗು, ಹಾರ್ಮೋನಿಯಂ ಹಿಂದೆ ಬಿಳಿ ರುಮಾಲಿನ ಹಿಮ್ಮೇಳದವರು. ಪಾತ್ರ ಮುಂದೆ ಬಂದಂತೆ, ಹಿಂದೆ ಸರಿದಂತೆ, ಹುಡುಗಿಯ ಎರಡು ಹೆಬ್ಬೆರಳು ಎರಡು ಕಡ್ಡಿಗಳ ಮೇಲೆ ಕೂದಲೆಳೆಯಷ್ಟು ಅಲುಗುತ್ತಿದ್ದವು. ಕಿರೀಟ ಉರಿಯಲಿಲ್ಲ, ಕೆಂಪು ಹರಡಲಿಲ್ಲ. ಒಂದೂವರೆ ಗಂಟೆ ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ನಾನು ಹಿಂದೆ ಕೂತು ಒಂದು ಮಾತೂ ಆಡಬೇಕಾಗಲಿಲ್ಲ.

ಮೂರನೆಯ ಕ್ಯಾಮೆರಾ ಇನ್ನೂ ಬಗೆಹರಿದಿಲ್ಲ. ಅಗಲದ ಚಿತ್ರದಲ್ಲಿ ಖಣ ತೊಟ್ಟವರು ಸಾಲಾಗಿ ಕೂತರೆ ಅಲೆ ಏಳುತ್ತದೆ. ಫೋಕಸನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಿಡುವುದು, ಆ ಚಿತ್ರವನ್ನು ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯದಿರುವುದು ಸದ್ಯದ ಉಪಾಯ. ಮೂರನೆಯ ಸರಪಳಿಗೆ ಹಣ ಕೂಡಿಸುತ್ತಿದ್ದೇವೆ ಎಂದು ಮಾಲೀಕರು ಹೇಳಿದ್ದಾರೆ. ಸಿಸಿಯು ಮೇಜಿನ ಬದಿಗೆ ಒಂದು ನೋಟ್‌ಬುಕ್ ದಾರದಲ್ಲಿ ತೂಗುತ್ತಿದೆ. ಯಾವ ಅತಿಥಿ, ಯಾವ ಉಡುಪು, ಮುಖ ಎಷ್ಟು, 'ನೀ' ಮಟ್ಟ ಎಷ್ಟು, ಬ್ಯಾಕ್ ಲೈಟ್ ಎಷ್ಟು ಎಂದು ಆ ಹುಡುಗಿ ದಿನವೂ ಬರೆಯುತ್ತಾಳೆ. ಕಳೆದ ಸಲ ಹೋದಾಗ ತೆರೆದು ನೋಡಿದೆ, 112ನೆಯ ಪುಟದಲ್ಲಿತ್ತು. ಮೇ ಮತ್ತು ಡಿಸೆಂಬರ್‌ನಲ್ಲಿ ಬ್ಯಾಕ್ ಫೋಕಸ್ ಮತ್ತೆ ನೋಡಬೇಕೆಂದು ಕೆಂಪು ಶಾಯಿಯಲ್ಲಿ ಬರೆದು, ಅದರ ಕೆಳಗೆ ಅರ್ಥಿಂಗ್ ಕೊಳವೆಗೆ ನೀರು ಹಾಕಿದ ತಾರೀಖುಗಳನ್ನೂ ಕಾಕಾ ಹೇಳಿದಂತೆ ಸಾಲಾಗಿ ಗುರುತು ಮಾಡಿದ್ದಳು.